ಮಂಗಳೂರು ಮತ್ತು ವಸಾಹತು ಕಾಲದ ರಾಜಗೌರವ ಪದಕಗಳು: ಸಂಗ್ರಹ ಮತ್ತು ಆಕರ ಮೌಲ್ಯ

ಕರಾವಳಿ ಕರ್ನಾಟಕದ ಚರಿತ್ರೆಯನ್ನು ರಚಿಸುವಲ್ಲಿ ಶಾಸನಗಳು, ನಾಣ್ಯಗಳು, ಕಡತಗಳು, ಪ್ರವಾಸಿಗಳ ಬರೆಹಗಳು ಹಾಗೂ ಪಾಡ್ದನಗಳು ಆಕರಗಳಾಗಿ ಸಾಕಷ್ಟು ಬಳಕೆಯಾಗಿವೆ. ಲೋಹದ ಮೇಲೆ ಅಚ್ಚೊತ್ತಿದ ಇನ್ನೊಂದು ಬಗೆಯ ಆಕರವಾದ ಪದಕಗಳಿಗೆ ಇಂತಹ ಭಾಗ್ಯ ಒದಗಿಲ್ಲ. ಅವು ನಾಣ್ಯಶಾಸ್ತ್ರದ ಅಂಚಿನಲ್ಲಿ ಉಳಿದಿವೆ. ಬಹುಮಟ್ಟಿಗೆ ಹವ್ಯಾಸಿ ಸಂಗ್ರಾಹಕರ ಆಸಕ್ತಿಯ ವಸ್ತುಗಳೆಂದೇ ಪರಿಗಣಿತವಾಗಿವೆ. ಯುರೋಪಿನ ಅರಸುಮನೆತನಗಳ ಗೌರವ ಸಂಘಗಳು, ಅಂದರೆ 'ಆರ್ಡರ್'ಗಳು, ನೀಡಿದ ಲಾಂಛನಗಳು ಮತ್ತು ಅವುಗಳ ಮಾದರಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯೂ ಬ್ರಿಟಿಷ್ ಸರ್ಕಾರವೂ ಈ ನೆಲದಲ್ಲಿ ಹಂಚಿದ ಪದಕಗಳು ಮಂಗಳೂರಿನ ಚರಿತ್ರೆಯೊಡನೆ ಹೇಗೆ ಹೆಣೆದುಕೊಂಡಿವೆ, ಅವುಗಳನ್ನು ಸಂಗ್ರಹಿಸುವಾಗ ಮತ್ತು ಗುರುತಿಸುವಾಗ ಯಾವ ಸಂಗತಿಗಳನ್ನು ಗಮನಿಸಬೇಕು ಎಂಬುದು ಪ್ರಸ್ತುತ ಪ್ರಬಂಧದ ವಸ್ತು.

ಪರಿಭಾಷೆಯ ತೊಡಕು

ಮೊದಲಿಗೆ ಶಬ್ದಗಳ ವಿಚಾರ. ಕನ್ನಡದಲ್ಲಿ ಬಿರುದು, ಪದವಿ, ಪದಕ ಎಂಬ ಮೂರು ಮಾತುಗಳು ಬಳಕೆಯಲ್ಲಿವೆ. ಗಂಡಪೆಂಡೇರವನ್ನು ತೊಡಿಸಿ ಕವಿಯನ್ನೋ ವೀರನನ್ನೋ ಮನ್ನಿಸುವ ಪದ್ಧತಿ ಇಲ್ಲಿ ಹಳೆಯದು. ತುಳುನಾಡಿನ ಗುತ್ತು-ಬೀಡುಗಳಲ್ಲಿ ಗಡಿ ಹಿಡಿಯುವ, ಪಟ್ಟ ಪಡೆಯುವ ಆಚರಣೆ ಇಂದಿಗೂ ಉಂಟು. ಆದರೆ ಯುರೋಪಿನ 'ಆರ್ಡರ್' ಎಂಬುದು ಇವುಗಳಲ್ಲಿ ಯಾವುದಕ್ಕೂ ನೇರವಾಗಿ ಸಮನಲ್ಲ. ಅದು ಮೂಲತಃ ಒಂದು ಸಂಘ. ಅದಕ್ಕೆ ಸೇರಿದವನು ಅದರ ಸದಸ್ಯನಾಗುತ್ತಾನೆ. ಅರಸನು ಅದರ ಮುಖ್ಯಸ್ಥ. ಸದಸ್ಯನು ಧರಿಸುವ ಲಾಂಛನವು ಬಹುಮಾನವೆನ್ನುವುದಕ್ಕಿಂತ ಸದಸ್ಯತ್ವದ ಗುರುತು. ಧರ್ಮಯುದ್ಧಗಳ ಕಾಲದ ಸನ್ಯಾಸಿ-ಯೋಧರ ಸಂಘಗಳು ಇದರ ಮೂಲ. ಇಂಗ್ಲೆಂಡಿನ ಗಾರ್ಟರ್ (1348), ಬರ್ಗಂಡಿಯ ಗೋಲ್ಡನ್ ಫ್ಲೀಸ್ (1430) ಮುಂತಾದವು ಅರಸರು ಆ ಮಾದರಿಯನ್ನು ತಮ್ಮ ಆಸ್ಥಾನಕ್ಕೆ ಒಗ್ಗಿಸಿಕೊಂಡದ್ದರ ಫಲ. ಯುದ್ಧದಲ್ಲಿ ಭಾಗವಹಿಸಿದ್ದಕ್ಕೆ ಕೊಡುವ ಪದಕವಾಗಲಿ, ಸಾರ್ವಜನಿಕ ಸೇವೆಗೆ ಕೊಡುವ ಪದಕವಾಗಲಿ 'ಆರ್ಡರ್' ಅಲ್ಲ. 'ರಾವ್ ಬಹಾದೂರ್' ಎಂಬಂಥದು ಪದಕವೂ ಅಲ್ಲ, ಬಿರುದು. ಅದಕ್ಕೊಂದು ಬಿಲ್ಲೆ ಜೊತೆಗೂಡಿದ್ದು 1911ರ ದೆಹಲಿ ದರ್ಬಾರಿನ ಸಂದರ್ಭದಲ್ಲಿ. ಸ್ಥಳೀಯ ಬರೆಹಗಳಲ್ಲಿ ಈ ಮೂರನ್ನೂ 'ಬ್ರಿಟಿಷರು ಕೊಟ್ಟ ಪದವಿ' ಎಂದು ಒಂದೇ ಮಾತಿನಲ್ಲಿ ಹೇಳುವ ರೂಢಿಯಿರುವುದರಿಂದ ಗೊಂದಲ ಬೆಳೆದಿದೆ. ಪ್ರಸ್ತುತ ಬರೆಹದಲ್ಲಿ ಗೌರವ ಸಂಘ, ಪದಕ, ಬಿರುದು ಎಂಬ ಶಬ್ದಗಳನ್ನು ಬೇರೆ ಬೇರೆ ಅರ್ಥದಲ್ಲಿಯೇ ಬಳಸಲಾಗಿದೆ.

ಕರಾವಳಿಗೆ ಈ ಸಂಘಗಳಲ್ಲೊಂದರ ಪರಿಚಯವಾದದ್ದು ಪದಕದ ಮೂಲಕವಲ್ಲ, ಹಡಗಿನ ಹಾಯಿಯ ಮೂಲಕ. ಪೋರ್ಚುಗಲ್ಲಿನಲ್ಲಿ ಟೆಂಪ್ಲರ್ ಸಂಘದ ಉತ್ತರಾಧಿಕಾರಿಯಾಗಿ 1319ರಲ್ಲಿ ಸ್ಥಾಪಿತವಾದ ಆರ್ಡರ್ ಆಫ್ ಕ್ರೈಸ್ಟ್‌ನ ಕೆಂಪು ಶಿಲುಬೆ ಪೋರ್ಚುಗೀಸ್ ನೌಕೆಗಳ ಹಾಯಿಗಳ ಮೇಲೆ ಇರುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮ ಮಲ್ಪೆಯ ಸಮೀಪದ ದ್ವೀಪದಲ್ಲಿ ಇಳಿದನೆಂಬ ಪ್ರತೀತಿ ಪ್ರಸಿದ್ಧವಾಗಿದೆ. ಹದಿನಾರನೆಯ ಶತಮಾನದಲ್ಲಿ ಮಂಗಳೂರಿನಲ್ಲಿಯೇ ಪೋರ್ಚುಗೀಸರ ಕೋಟೆ ಎದ್ದಿತು. ಆ ಶಿಲುಬೆ ಪೋರ್ಚುಗೀಸ್ ನಾಣ್ಯಗಳಲ್ಲಿಯೂ ಬಂದುದರಿಂದ ಕರಾವಳಿಯ ವರ್ತಕರ ಕೈಗೆ ಅದು ಹಣವಾಗಿಯೇ ತಲುಪಿತು.

1837: ಕನ್ನಡ ಬರೆಹವುಳ್ಳ ಪದಕ

ಈ ವಿಷಯದಲ್ಲಿ ಮಂಗಳೂರಿನ ಸಂಶೋಧಕರಿಗೆ ಅತ್ಯಂತ ಮಹತ್ವದ ವಸ್ತುವೆಂದರೆ 'ಕೂರ್ಗ್ ಮೆಡಲ್' ಎಂದು ಸಂಗ್ರಾಹಕರ ಲೋಕದಲ್ಲಿ ಹೆಸರಾದ 1837ರ ಪದಕ. ಹೆಸರಿನಲ್ಲಿ ಕೊಡಗು ಇದ್ದರೂ ಅದರ ಹಿಂದಿನ ಘಟನೆ ಮುಖ್ಯವಾಗಿ ಸುಳ್ಯ, ಬೆಳ್ಳಾರೆ, ಪುತ್ತೂರು ಮತ್ತು ಮಂಗಳೂರುಗಳಲ್ಲಿ ನಡೆದದ್ದು.

1834ರಲ್ಲಿ ಕೊಡಗಿನ ಅರಸು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪೆನಿ ಸರ್ಕಾರವು ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಭಾಗಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ಇನ್ನು ಮುಂದೆ ನಗದಾಗಿ ಸಲ್ಲಿಸಬೇಕಾಯಿತು. ಹಣದ ಚಲಾವಣೆ ಕಡಿಮೆಯಿದ್ದ ಒಳನಾಡಿನಲ್ಲಿ ಇದರಿಂದ ಉಂಟಾದ ಸಂಕಟ 1837ರ ಮಾರ್ಚ್ ಅಂತ್ಯದ ವೇಳೆಗೆ ಬಂಡಾಯದ ರೂಪ ತಾಳಿತು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ನೇತೃತ್ವದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಕೂಡಿದ ಜನ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಪುತ್ತೂರಿನ ಮಾರ್ಗವಾಗಿ ಏಪ್ರಿಲ್ 5ರಂದು ಮಂಗಳೂರನ್ನು ಪ್ರವೇಶಿಸಿದರು. ಊರಿನ ಎತ್ತರದ ಗುಡ್ಡದಲ್ಲಿ ಅವರು ತಮ್ಮ ಬಾವುಟ ಹಾರಿಸಿದ್ದರಿಂದ ಆ ಸ್ಥಳಕ್ಕೆ ಬಾವುಟಗುಡ್ಡೆಯೆಂಬ ಹೆಸರು ಬಂದಿತೆಂದು ಪ್ರತೀತಿ. ಸುಮಾರು ಹದಿಮೂರು ದಿನಗಳ ಕಾಲ ನಗರವು ಕಂಪೆನಿಯ ಕೈತಪ್ಪಿತ್ತು. ಕಣ್ಣೂರಿನಿಂದ ಸೈನ್ಯ ಬಂದ ಮೇಲೆ ಬಂಡಾಯ ಮುರಿದುಬಿತ್ತು. ನಂದಾವರದ ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದರು. ಜನರ ಬಾಯಲ್ಲಿ ಈ ಘಟನೆ ಬಹುಕಾಲ 'ಕಲ್ಯಾಣಪ್ಪನ ಕಾಟಕಾಯಿ' ಆಗಿ ಉಳಿಯಿತು. ನಿರಂಜನರ 'ಕಲ್ಯಾಣಸ್ವಾಮಿ' ಕಾದಂಬರಿ ಇದನ್ನೇ ವಸ್ತುವಾಗಿರಿಸಿಕೊಂಡಿದೆ.

ಬಂಡಾಯವನ್ನು ಅಡಗಿಸುವಲ್ಲಿ ಕಂಪೆನಿಯ ಪಕ್ಷದಲ್ಲಿ ನಿಂತ ಕೊಡಗಿನವರಿಗೆ ಕೊಡಲೆಂದು ಕಲ್ಕತ್ತೆಯ ಟಂಕಸಾಲೆಯಲ್ಲಿ ಅಚ್ಚಾದದ್ದು ಈ ಪದಕ. ಚಿನ್ನ ಮತ್ತು ಬೆಳ್ಳಿಗಳಲ್ಲಿ ಅದನ್ನು ಪಡೆದವರಿದ್ದರು. ಪಡೆದವನ ಅಂತಸ್ತಿಗೆ ತಕ್ಕಂತೆ ಲೋಹ. ಅದರ ಮೇಲೆ ಆಯುಧಪಾಣಿಯಾದ ಕೊಡಗಿನ ಯೋಧನ ಆಕೃತಿಯಿದೆ. ಕೊಡಗಿನ ಕತ್ತಿಯ ಚಿತ್ರವಿದೆ. ವಿಶೇಷ ನಡತೆ ಹಾಗೂ ಬ್ರಿಟಿಷ್ ಸರ್ಕಾರದ ಮೇಲಣ ನಿಷ್ಠೆಗಾಗಿ ಎಂಬರ್ಥದ ಇಂಗ್ಲಿಷ್ ಬರೆಹದೊಂದಿಗೆ 'ಕೂರ್ಗ್, ಏಪ್ರಿಲ್ 1837' ಎಂಬ ನಮೂದಿದೆ. ಇಂಗ್ಲಿಷಿನ ಜೊತೆಗೆ ಕನ್ನಡ ಲಿಪಿಯ ಬರೆಹವೂ ಇದೆ. ಕಂಪೆನಿಯ ಪದಕಗಳಲ್ಲಿ ದೇಶೀಯ ಬರೆಹವೆಂದರೆ ಸಾಮಾನ್ಯವಾಗಿ ಪಾರಸಿ. ಶ್ರೀರಂಗಪಟ್ಟಣದ ಪತನದ ನೆನಪಿಗೆ ಹೊರಟ 1799ರ ಪದಕದಲ್ಲಿಯೂ ಕನ್ನಡವಿಲ್ಲ, ಪಾರಸಿ ಇದೆ. ಆದುದರಿಂದ ಕನ್ನಡ ಲಿಪಿಯ ಇತಿಹಾಸದ ಅಭ್ಯಾಸಿಗೂ ಈ ಪದಕ ಗಮನಾರ್ಹ. ಕಲ್ಕತ್ತೆಯ ಕೆತ್ತನೆಗಾರನು ತನಗೆ ಪರಿಚಯವಿಲ್ಲದ ಲಿಪಿಯನ್ನು ಉಕ್ಕಿನ ಅಚ್ಚಿಗೆ ಇಳಿಸಿದ್ದಾನೆ. ಕನ್ನಡ ಮುದ್ರಣವೇ ಎಳವೆಯಲ್ಲಿದ್ದ ಕಾಲವದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ತನ್ನ ಮುದ್ರಣಾಲಯವನ್ನು ತೆರೆಯುವುದಕ್ಕೆ ಇನ್ನೂ ನಾಲ್ಕು ವರ್ಷ ಬಾಕಿಯಿತ್ತು.

ಎರಡು ಅಂಶಗಳನ್ನು ಇಲ್ಲಿ ಸೂಚಿಸಬೇಕು. ಒಂದನೆಯದಾಗಿ, ಈ ಪದಕದ ಮೇಲೆ ಅರಸನ ಮುಖವಿಲ್ಲ. ಬಂಡಾಯ ನಡೆದಾಗ ಇಂಗ್ಲೆಂಡಿನಲ್ಲಿ ನಾಲ್ಕನೆಯ ವಿಲಿಯಂ ಆಳುತ್ತಿದ್ದ; ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರ ಜೂನ್ 20ರಂದು. ಪದಕ ಕಂಪೆನಿಯದು, ಸಿಂಹಾಸನದ್ದಲ್ಲ. ಎರಡನೆಯದಾಗಿ, ಅದೇ 1837ರಲ್ಲಿಯೇ ಕಂಪೆನಿಯು ತನ್ನ ದೇಶೀಯ ಸೈನಿಕರಿಗಾಗಿ 'ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ' ಮತ್ತು 'ಆರ್ಡರ್ ಆಫ್ ಮೆರಿಟ್' ಎಂಬ ಎರಡು ಗೌರವಗಳನ್ನು ಸ್ಥಾಪಿಸಿತು. ಯುರೋಪಿನ ಆರ್ಡರುಗಳ ಹೆಸರನ್ನೂ ರೂಪವನ್ನೂ ಭಾರತೀಯ ಸಿಪಾಯಿಗೆ ಹೊಂದಿಸುವ ಮೊದಲ ಪ್ರಯತ್ನಗಳು ಇವು. ಮೊದಲನೆಯದರ ಪಟ್ಟಿ ಆರಂಭದಲ್ಲಿ ತಿಳಿನೀಲಿಯಿದ್ದು, ಸಿಪಾಯಿಗಳ ತಲೆಯೆಣ್ಣೆ ತಾಗಿ ಕೊಳಕಾಗುತ್ತದೆಂಬ ಕಾರಣಕ್ಕೆ ಅದನ್ನು ಮರುವರ್ಷವೇ ಕಡುಗೆಂಪಿಗೆ ಬದಲಿಸಿದರೆಂದು ಹೇಳುತ್ತಾರೆ. ನಿಷ್ಠೆಯನ್ನು ಲೋಹದಲ್ಲಿ ಅಳೆದುಕೊಡುವ ಒಂದು ವ್ಯವಸ್ಥೆ ಆ ವರ್ಷ ರೂಪುಗೊಳ್ಳುತ್ತಿತ್ತು. ಕೊಡಗಿನ ಪದಕವನ್ನು ಆ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲಾಗದು.

ಗಲ್ಲಿಗೇರಿದವರಿಗೆ ಪದಕವಿಲ್ಲ. 2022ರ ನವೆಂಬರ್ 19ರಂದು ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿತು. ಅಂದಿನಿಂದ ಸಂಗ್ರಾಹಕನ ಪೆಟ್ಟಿಗೆಯ ಪದಕ ಮತ್ತು ಗುಡ್ಡೆಯ ಪ್ರತಿಮೆ ಒಂದೇ ಘಟನೆಯ ಎರಡು ಸಾಕ್ಷ್ಯಗಳಾಗಿ ನಿಂತಿವೆ. ಪದಕ ಪಡೆದವರ ವಂಶಸ್ಥರಲ್ಲಿ ಅದನ್ನು ಹೊರಗೆ ತೋರಿಸಲು ಸಂಕೋಚ ಮೂಡಿದರೆ ಆಶ್ಚರ್ಯವಿಲ್ಲ. ಆದರೆ ಸಂಕೋಚದಿಂದ ಪದಕ ಚಿನಿವಾರರ ಮೂಸೆಗೆ ಹೋದರೆ ನಷ್ಟವಾಗುವುದು ಬಂಡಾಯದ ಚರಿತ್ರೆಗೇ. ಕಂಪೆನಿಯು ಈ ಘಟನೆಗೆ ಎಷ್ಟು ಬೆದರಿತ್ತು ಎಂಬುದಕ್ಕೆ ಪ್ರತ್ಯೇಕವಾಗಿ ಒಂದು ಪದಕವನ್ನೇ ಟಂಕಿಸಿದ್ದಕ್ಕಿಂತ ಗಟ್ಟಿಯಾದ ಪುರಾವೆ ಬೇರೆ ಬೇಕಾಗದು. 'ಕೆಲವು ಪುಂಡರ ಗಲಭೆ' ಎಂದು ತಳ್ಳಿಹಾಕುವ ಹಳೆಯ ಆಡಳಿತ ವರದಿಗಳ ಧೋರಣೆಯನ್ನು ಈ ಲೋಹದ ತುಣುಕು ಸುಳ್ಳಾಗಿಸುತ್ತದೆ.

ರಾಣಿಯ ಹೆಸರಿನ ಸಂಘಗಳು

1857ರ ಅನಂತರ ಕಂಪೆನಿಯ ಆಡಳಿತ ಕೊನೆಗೊಂಡಾಗ ಗೌರವಗಳ ಮೂಲವೂ ಬದಲಾಯಿತು. 1861ರಲ್ಲಿ ಸ್ಥಾಪಿತವಾದ 'ಸ್ಟಾರ್ ಆಫ್ ಇಂಡಿಯಾ' ಮತ್ತು 1878ರ ಜನವರಿ 1ರಂದು ಸ್ಥಾಪಿತವಾದ 'ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್' ನಿಜವಾದ ಅರ್ಥದಲ್ಲಿ ರಾಜಗೌರವ ಸಂಘಗಳು. ಯುರೋಪಿನ ಸಂಘಗಳ ಲಾಂಛನಗಳಲ್ಲಿ ಶಿಲುಬೆಯೂ ಸಂತರೂ ಇರುವುದು ವಾಡಿಕೆ. ಹಿಂದೂ, ಮುಸಲ್ಮಾನ, ಸಿಖ್ ಅರಸರು ತೊಡಬೇಕಾದ ಕಾರಣ ಇವೆರಡರಲ್ಲಿ ಅವನ್ನು ಕೈಬಿಟ್ಟು ನಕ್ಷತ್ರ, ಗುಲಾಬಿ, ತಾವರೆ, ಆನೆ, ನವಿಲುಗಳನ್ನು ತಂದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಟಾರ್ ಆಫ್ ಇಂಡಿಯಾದ ಅತ್ಯುನ್ನತ ದರ್ಜೆಯನ್ನು ಪಡೆದಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು 1911ರಲ್ಲಿ ಇಂಡಿಯನ್ ಎಂಪೈರ್ ಸಂಘದ ಸಿ.ಐ.ಇ. ದರ್ಜೆಯನ್ನೂ 1915ರಲ್ಲಿ ಕೆ.ಸಿ.ಐ.ಇ. ದರ್ಜೆಯನ್ನೂ ಪಡೆದು, 1955ರಲ್ಲಿ ಭಾರತರತ್ನಕ್ಕೂ ಪಾತ್ರರಾದರು.

ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಇಲ್ಲಿ ಅರಸು ಮನೆತನವಿರಲಿಲ್ಲ. ಆದಕಾರಣ ಇಲ್ಲಿಯವರಿಗೆ ಗೌರವ ದೊರೆತದ್ದು ಉದ್ಯೋಗ ಮತ್ತು ಸೇವೆಯ ದಾರಿಯಿಂದ. ಈ ಊರಿನ ಬೆನಗಲ್ ಮನೆತನದ ಇಬ್ಬರು ಸಹೋದರರಾದ ಬಿ. ಎನ್. ರಾವ್ ಮತ್ತು ಬಿ. ರಾಮರಾವ್ ಐ.ಸಿ.ಎಸ್. ಅಧಿಕಾರಿಗಳಾಗಿ ಸಿ.ಐ.ಇ. ಗೌರವವನ್ನೂ ಮುಂದೆ 'ಸರ್' ಪದವಿಯನ್ನೂ ಪಡೆದರು. ರಾಮರಾಯರು 1949ರಿಂದ 1957ರವರೆಗೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಬಿ. ಎನ್. ರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಅಕ್ಟೋಬರಿನಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು. ಆ ಸಂವಿಧಾನದ 18ನೆಯ ವಿಧಿಯೇ ಪದವಿಗಳನ್ನು ರದ್ದುಪಡಿಸಿತು ಎಂಬುದು ಚರಿತ್ರೆಯ ಒಂದು ಸೊಗಸಾದ ತಿರುವು.

ಸಾರ್ವಜನಿಕ ಸೇವೆಗಾಗಿ 1900ರಲ್ಲಿ ಸ್ಥಾಪಿತವಾದ ಕೈಸರ್-ಇ-ಹಿಂದ್ ಪದಕವು ಕಂಕನಾಡಿಯ ಆಸ್ಪತ್ರೆಯ ಸ್ಥಾಪಕ ಫಾದರ್ ಅಗಸ್ಟಸ್ ಮುಲ್ಲರ್ (ನಿಧನ 1910) ಅವರಿಗೆ ಸಂದಿತ್ತು. ಜರ್ಮನ್ ಮೂಲದ ಜೆಸ್ವಿಟ್ ಪಾದ್ರಿಯೊಬ್ಬರು ಕುಷ್ಠರೋಗಿಗಳ ಸೇವೆಗಾಗಿ ಬ್ರಿಟಿಷ್ ಚಕ್ರವರ್ತಿಯ ಪದಕ ಪಡೆದರು ಎಂಬಲ್ಲಿಯೇ ಮಂಗಳೂರಿನ ಆಗಿನ ಸಾಮಾಜಿಕ ಚಿತ್ರದ ಒಂದು ಎಳೆ ಕಾಣುತ್ತದೆ. 1897ರಲ್ಲಿ ದಲಿತರ ಶಿಕ್ಷಣಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರಿಗೆ (1859-1928) 'ರಾವ್ ಸಾಹೇಬ್' ಬಿರುದು ದೊರೆತಿತ್ತು. ಕ್ರೈಸ್ತ ಸಮುದಾಯಕ್ಕೆ ಪರಿಚಿತವಾದ ಪೋಪರ ಗೌರವಗಳು, ಅಂದರೆ 1831ರ ಸಂತ ಗ್ರೆಗೊರಿ ಸಂಘ, 1888ರ 'ಪ್ರೊ ಎಕ್ಲೇಸಿಯಾ ಎತ್ ಪೊಂತಿಫಿಚೆ' ಶಿಲುಬೆ ಮುಂತಾದವು ಬ್ರಿಟಿಷ್ ಪರಂಪರೆಯಿಂದ ಹೊರತಾದವು. ಅವುಗಳಿಗೆ ಪ್ರತ್ಯೇಕ ಅಧ್ಯಯನವೇ ಬೇಕು.

1920ರ ಆಗಸ್ಟ್ 1ರಂದು ಗಾಂಧೀಜಿ ತಮ್ಮ ಕೈಸರ್-ಇ-ಹಿಂದ್ ಚಿನ್ನದ ಪದಕವನ್ನೂ ಯುದ್ಧಸೇವೆಯ ಎರಡು ಪದಕಗಳನ್ನೂ ಸರ್ಕಾರಕ್ಕೆ ಹಿಂದಿರುಗಿಸಿದರು. ಅದೇ ತಿಂಗಳ 19ರಂದು ಅವರು ಮೊದಲ ಬಾರಿಗೆ ಮಂಗಳೂರಿಗೆ ಬಂದರು. ಪದವಿತ್ಯಾಗವು ಅಸಹಕಾರ ಕಾರ್ಯಕ್ರಮದ ಮೊದಲ ಅಂಶವಾಗಿತ್ತು. ಬಿರುದು ಪಡೆದ ಮನೆಗಳಲ್ಲಿ ಪದಕದ ಪೆಟ್ಟಿಗೆ ಆ ದಿನಗಳಿಂದ ಕಪಾಟಿನ ಒಳಗೆ ಸರಿಯಿತು. ಇಂದು ಅಂಥ ವಸ್ತುಗಳು ದೊರೆಯುವಾಗ ಅವುಗಳ ಕಾಗದಪತ್ರ ದೊರೆಯದಿರುವುದಕ್ಕೆ ಈ ಅಡಗಿಸುವಿಕೆಯೂ ಒಂದು ಕಾರಣವೆನ್ನಬಹುದು.

ಗುರುತಿಸುವ ಕ್ರಮ

ಸಂಗ್ರಾಹಕರು ಎದುರಿಸುವ ದೊಡ್ಡ ಸಮಸ್ಯೆಯೆಂದರೆ ಸಂಘದ ಲಾಂಛನಗಳ ಮೇಲೆ ಸಾಮಾನ್ಯವಾಗಿ ಪಡೆದವರ ಹೆಸರು ಇರುವುದಿಲ್ಲ. ಯುದ್ಧಸೇವೆಯ ಪದಕಗಳ ಅಂಚಿನಲ್ಲಿ ಸೈನಿಕನ ಹೆಸರು, ದಳ ಕೆತ್ತಿರುವುದುಂಟು. ಆದರೆ ಸಿ.ಐ.ಇ. ಲಾಂಛನವನ್ನು ನೋಡಿ ಅದು ಯಾರದೆಂದು ಹೇಳಲಾಗದು. ಆದುದರಿಂದ ಮೂಲ ಪೆಟ್ಟಿಗೆ, ಸನದು, ಆಹ್ವಾನ ಪತ್ರ, ಲಾಂಛನ ಧರಿಸಿ ತೆಗೆಸಿಕೊಂಡ ಛಾಯಾಚಿತ್ರ ಇವೇ ಅದರ ವಂಶಾವಳಿ. ಇವುಗಳಿಂದ ಬೇರ್ಪಟ್ಟ ಲಾಂಛನ ಅನಾಥ. ಸಂಶೋಧಕನಿಗೆ ಅದರ ಬೆಲೆ ಅರ್ಧಕ್ಕಿಂತ ಕಡಿಮೆ. ಲಂಡನ್ ಗೆಜೆಟಿನಲ್ಲಿ ಪ್ರಕಟವಾದ ಗೌರವಪಟ್ಟಿಗಳು ಈಗ ಗಣಕೀಕೃತವಾಗಿ ಎಲ್ಲರಿಗೂ ದೊರೆಯುವುದರಿಂದ ಹೆಸರು-ದಿನಾಂಕಗಳನ್ನು ತಾಳೆನೋಡುವ ಕೆಲಸ ಮೊದಲಿಗಿಂತ ಸುಲಭವಾಗಿದೆ.

ಕಾಲನಿರ್ಣಯಕ್ಕೆ ವಸ್ತುವೇ ಕೆಲವು ಸುಳಿವುಗಳನ್ನು ಕೊಡುತ್ತದೆ. ಇಂಡಿಯನ್ ಎಂಪೈರ್ ಲಾಂಛನವು ಕೆಂಪು ಮೀನಾಕಾರಿಯ ಐದು ದಳಗಳ ಚಿನ್ನದ ಗುಲಾಬಿ. ನಡುವೆ ರಾಣಿಯ ಮುಖ, ಮೇಲೆ ಕಿರೀಟ. ದಳಗಳ ಮೇಲೆ 'ಇಂಡಿಯಾ' ಎಂಬ ಇಂಗ್ಲಿಷ್ ಶಬ್ದದ ಐದು ಅಕ್ಷರಗಳು ಒಂದೊಂದಾಗಿ ಇದ್ದರೆ ಅದು ಆರಂಭದ ವರ್ಷಗಳದು. ಸಿ.ಐ.ಇ. ಲಾಂಛನವನ್ನು ಮೊದಲು ಎದೆಯ ಮೇಲೆ ಧರಿಸುತ್ತಿದ್ದರು. 1917ರ ಅನಂತರ ಕೊರಳಿಗೆ. ತೂಗುಪಟ್ಟಿಯ ಜೋಡಣೆಯನ್ನು ನೋಡಿ ಇದನ್ನು ತಿಳಿಯಬಹುದು. 1917ರಲ್ಲಿ ಸ್ಥಾಪಿತವಾದ ಆರ್ಡರ್ ಆಫ್ ದಿ ಬ್ರಿಟಿಷ್ ಎಂಪೈರ್‌ನ ಲಾಂಛನಗಳಲ್ಲಿ ಮೊದಲ ಮಾದರಿಯ ನಡುವೆ ಬ್ರಿಟಾನಿಯಾ ದೇವಿಯ ಆಕೃತಿಯೂ ನೇರಳೆ ಪಟ್ಟಿಯೂ ಇದ್ದವು. 1937ರಿಂದ ಐದನೆಯ ಜಾರ್ಜ್ ಮತ್ತು ರಾಣಿ ಮೇರಿಯರ ಮುಖಗಳೂ ಬೂದು ಅಂಚಿನ ಗುಲಾಬಿ ಪಟ್ಟಿಯೂ ಬಂದವು. ಕೊಡಗಿನ ಕೆ. ಎಂ. ಕಾರ್ಯಪ್ಪನವರು ಪಡೆದ ಓ.ಬಿ.ಇ. ಈ ಎರಡನೆಯ ಕಾಲದ್ದು. ಹಳೆಯ ಲಾಂಛನಕ್ಕೆ ಹೊಸ ಪಟ್ಟಿ ಹೊಲಿದು ಮಾರಾಟಕ್ಕೆ ಬರುವುದು ತೀರ ಸಾಮಾನ್ಯ. ಪಟ್ಟಿಯೊಂದನ್ನೇ ನಂಬಿ ಕಾಲ ನಿರ್ಧರಿಸುವುದು ಅಪಾಯಕರ.

ಕಂಪೆನಿಯ ಪದಕಗಳಲ್ಲಿ ಮರುಅಚ್ಚುಗಳ ಕಾಟವಿದೆ. ಹಳೆಯ ಅಚ್ಚುಗಳಿಂದಲೇ ಮುಂದಿನ ಕಾಲದಲ್ಲಿ ಟಂಕಿಸಿದ ಪ್ರತಿಗಳು ಅಸಲಿನಂತೆಯೇ ಕಾಣುತ್ತವೆ. ಶ್ರೀರಂಗಪಟ್ಟಣದ ಪದಕವಂತೂ ಮೂಲದಲ್ಲಿಯೇ ಎರಡು ಕಡೆ ಅಚ್ಚಾದದ್ದು: ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯದು ಸುಮಾರು 48 ಮಿ.ಮೀ. ವ್ಯಾಸದ್ದು, ಕೆತ್ತನೆಗಾರ ಕುಕ್ಲರ್‌ನ ಹೆಸರಿನ ಮೊದಲಕ್ಷರಗಳುಳ್ಳದ್ದು. ಕಲ್ಕತ್ತೆಯದು ಅದಕ್ಕಿಂತ ಚಿಕ್ಕದು. ಅಳತೆಪಟ್ಟಿ ಮತ್ತು ತಕ್ಕಡಿ ಇಲ್ಲದೆ ಈ ಕ್ಷೇತ್ರದಲ್ಲಿ ಹೆಜ್ಜೆಯಿಡಬಾರದು. ಸ್ಟಾರ್ ಆಫ್ ಇಂಡಿಯಾ ಲಾಂಛನಗಳನ್ನು ಸದಸ್ಯನ ಮರಣಾನಂತರ ಹಿಂದಿರುಗಿಸಬೇಕೆಂಬ ನಿಯಮವಿದ್ದ ಕಾರಣ ಅವು ವಿರಳ. ಯಾರಾದರೂ ಸುಲಭ ಬೆಲೆಗೆ ಅದನ್ನು ಮುಂದಿಟ್ಟರೆ ಮೊದಲು ಸಂಶಯಪಡುವುದೇ ಲೇಸು.

ಸಂರಕ್ಷಣೆ ಮತ್ತು ಕಾನೂನು

ಮಂಗಳೂರಿನ ಹವೆ ಪದಕಗಳ ಶತ್ರು. ಮಳೆಗಾಲದ ತೇವ ಮತ್ತು ಕಡಲ ಗಾಳಿಯ ಉಪ್ಪು ಬೆಳ್ಳಿಯನ್ನು ಕಪ್ಪಾಗಿಸುತ್ತವೆ, ರೇಷ್ಮೆಪಟ್ಟಿಗೆ ಬೂಷ್ಟು ಹಿಡಿಸುತ್ತವೆ. ಮನೆಯ ಬೆಳ್ಳಿ ಪಾತ್ರೆಗಳಂತೆ ಹುಣಸೆಹುಳಿ, ಬೂದಿ ಹಾಕಿ ಪದಕವನ್ನು ಉಜ್ಜುವ ಅಭ್ಯಾಸವು ತೇವಕ್ಕಿಂತ ಹೆಚ್ಚು ಹಾನಿ ಮಾಡಿದೆ. ಉಜ್ಜಿದ ಪದಕದಲ್ಲಿ ಅರಸನ ಮೂಗು ಮೊದಲು ಸವೆಯುತ್ತದೆ, ಅನಂತರ ಅಂಚಿನ ಹೆಸರು. ಮೀನಾಕಾರಿಗೆ ಬಿರುಕು ಬಿದ್ದರೆ ಅದನ್ನು ಮರಳಿ ಸರಿಪಡಿಸುವುದು ಬಹುತೇಕ ಅಸಾಧ್ಯ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಪೆಟ್ಟಿಗೆಯಲ್ಲಿ ಇರಿಸುವುದು ಸಾಕು. ನಾಣ್ಯಗಳಿಗೆ ಬಳಸುವ ಅಗ್ಗದ ಪಿ.ವಿ.ಸಿ. ಚೀಲಗಳು ಕಾಲಕ್ರಮದಲ್ಲಿ ಲೋಹಕ್ಕೆ ಹಸಿರು ಅಂಟು ಹಿಡಿಸುವುದರಿಂದ ಅವು ತ್ಯಾಜ್ಯ.

1950ರ ಜನವರಿ 26ರಿಂದ ಜಾರಿಗೆ ಬಂದ ಸಂವಿಧಾನದ 18ನೆಯ ವಿಧಿಯು ರಾಜ್ಯವು ಪದವಿಗಳನ್ನು ನೀಡುವುದನ್ನೂ ಪ್ರಜೆಗಳು ವಿದೇಶಿ ರಾಜ್ಯಗಳಿಂದ ಅವುಗಳನ್ನು ಸ್ವೀಕರಿಸುವುದನ್ನೂ ನಿಷೇಧಿಸಿದೆ. ಆದರೆ ಹಿರಿಯರಿಗೆ ಬಂದ ಪದಕವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕಾಗಲಿ, ಅಧ್ಯಯನಕ್ಕೆ ನೀಡುವುದಕ್ಕಾಗಲಿ ಅದರಿಂದ ಅಡ್ಡಿಯಿಲ್ಲ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮವು ನೂರು ವರ್ಷಕ್ಕೆ ಕಡಿಮೆಯಿಲ್ಲದ ಐತಿಹಾಸಿಕ ವಸ್ತುಗಳನ್ನು ಪುರಾತನ ವಸ್ತುಗಳೆಂದು ಪರಿಗಣಿಸುತ್ತದೆ. ಖಾಸಗಿಯವರು ಅವುಗಳನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ, ಅವುಗಳ ವ್ಯಾಪಾರಕ್ಕೂ ಪರವಾನಗಿ ಬೇಕು. 1837ರ ಪದಕ ಈ ವ್ಯಾಪ್ತಿಯಲ್ಲಿದೆ. ಲಂಡನ್ನಿನ ಹರಾಜುಗಳಲ್ಲಿ ಇಂತಹ ಪದಕಗಳಿಗೆ ಒಳ್ಳೆಯ ಬೆಲೆಯಿದೆ ಎಂಬ ಸುದ್ದಿ ಹರಡಿರುವುದರಿಂದ ಮನೆಮಂದಿ ಈ ನಿಯಮವನ್ನು ತಿಳಿದಿರುವುದು ಅಗತ್ಯ.

ನಗರದಲ್ಲಿ ಇಂತಹ ವಸ್ತುಗಳಿಗೆ ಸಹಜವಾದ ಎರಡು ಆಶ್ರಯಗಳಿವೆ. ಕರ್ನಲ್ ವಿ. ಆರ್. ಮಿರಾಜ್ಕರ್ ತಮ್ಮ ತಾಯಿಯ ನೆನಪಿಗೆ ದಾನವಿತ್ತ ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ 1960ರಿಂದ ಸಾರ್ವಜನಿಕರಿಗೆ ತೆರೆದಿದೆ. ಅದೇ ಒಬ್ಬ ಸಂಗ್ರಾಹಕನ ಆಸಕ್ತಿಯಿಂದ ಹುಟ್ಟಿದ ಸಂಸ್ಥೆ. ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ 1913ರಲ್ಲಿ ಆರಂಭವಾದದ್ದು. ಮಡಿಕೇರಿಯಲ್ಲಿ 2021ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯವು ಒಬ್ಬ ಸೇನಾನಿಯ ಬದುಕನ್ನು ಅವರು ಹುಟ್ಟಿದ ಮನೆಯಲ್ಲಿಯೇ ಹೇಗೆ ಪ್ರದರ್ಶಿಸಬಹುದೆಂಬುದಕ್ಕೆ ಮಾದರಿ. ಪದಕವನ್ನು ಕೊಡಲು ಒಪ್ಪದ ಕುಟುಂಬಗಳಿಂದ ಕನಿಷ್ಠಪಕ್ಷ ಎರಡೂ ಮುಖಗಳ ಛಾಯಾಚಿತ್ರ, ವ್ಯಾಸ, ತೂಕ, ಅಂಚಿನ ಬರೆಹ, ಜೊತೆಗಿರುವ ಕಾಗದಪತ್ರಗಳ ನಕಲು ಮತ್ತು ಮನೆಯಲ್ಲಿ ಆ ಪದಕದ ಬಗ್ಗೆ ಹೇಳಿಕೊಂಡು ಬಂದ ಮಾತು ಇಷ್ಟನ್ನು ದಾಖಲಿಸಿಕೊಂಡರೆ ಗ್ರಂಥಾಲಯಗಳ ಸ್ಥಳೀಯ ಚರಿತ್ರೆಯ ವಿಭಾಗಗಳಲ್ಲಿ ಅವು ಸಂಶೋಧಕರಿಗೆ ದೊರೆಯುತ್ತವೆ. ಕೊನೆಯ ಬಾಬತ್ತನ್ನು, ಅಂದರೆ ಮನೆಯ ಮಾತನ್ನು, ಹಿರಿಯರು ಇರುವಾಗಲೇ ಬರೆದುಕೊಳ್ಳಬೇಕು. ಉಳಿದವನ್ನು ಪದಕ ಇರುವವರೆಗೆ ಯಾವಾಗಲಾದರೂ ಮಾಡಬಹುದು.